ಕೂರಿಗೆ ಮಾಡಿದವರು ಯಾರು?

ಸವದತ್ತಿ ತಾಲೂಕಿನ ನಮ್ಮ ಹೂಲಿಗೆ ಹೋದಾಗಲೆಲ್ಲ ಪಂಚಲಿಂಗೇಶ್ವರ ಗುಡಿಗೆ ಒಂದು ಸುತ್ತು ಹಾಕಿ ಬರುವುದು ನನ್ನ ರೂಢಿ. ಊರಿನ ಹಳೆಯ ಶಾಸನಗಳಲ್ಲಿ ಆಳಿದವರ ಹೆಸರಿದೆ, ದಾನ ಕೊಟ್ಟವರ ಹೆಸರಿದೆ. ಆ ದಾನದ ಹೊಲವನ್ನು ಬಿತ್ತಿದ ಕೂರಿಗೆ ಮಾಡಿದವನ ಹೆಸರು ಮಾತ್ರ ಎಲ್ಲೂ ಇಲ್ಲ!

ಈ ಮಾತನ್ನು ಕಾಕಾನ ಮುಂದೆ ಆಡಿದೆ. ಕಾಕಾ ನಕ್ಕ. "ಯಾರ್ ಮಾಡಿದ್ರು ಅಂತ ಕೇಳ್ತೀಯಲ್ಲ ತಮ್ಮಾ, ನಿಮ್ಮವ್ವಗ ರೊಟ್ಟಿ ಬಡಿಯೂದು ಕಂಡಹಿಡಿದು ಕೊಟ್ಟವ್ರ ಯಾರು?"

ಉತ್ತರ ಹೊಳೆಯಲಿಲ್ಲ. ಆದರೆ ಕಾಕಾನದೇ ಒಂದು ಕತೆಯಿದೆ. ಬಹಳ ವರ್ಷಗಳ ಹಿಂದೆ ಅವನು ಬೀಜದ ಪೆಟ್ಟಿಗೆ ಇರುವ ಕೂರಿಗೆಗೆ ಒಂದು ಕಟ್ಟಿಗೆಯ ಪಟ್ಟಿ ಕೂಡಿಸಿದ್ದ. ಎತ್ತು ತಿರುಗಿಸುವಾಗ ಹಗ್ಗ ಎಳೆದರೆ ಸಾಕು, ಬೀಜ ಚೆಲ್ಲುವುದು ನಿಲ್ಲುತ್ತಿತ್ತು. ಯಾರೋ ಬಂದು ನೋಡಿ, ಅಳತೆ ಬರೆದುಕೊಂಡು ಹೋದರು. ಎರಡು ವರ್ಷದ ನಂತರ ಅದೇ ಪಟ್ಟಿ ಕಬ್ಬಿಣದ್ದಾಗಿ, ಬಣ್ಣ ಬಳಿದುಕೊಂಡು ಪೇಟೆಯ ಅಂಗಡಿಯಲ್ಲಿ ಕೂತಿತ್ತು. ನಮ್ಮ ಕಾಕಾ ರೊಕ್ಕ ಕೊಟ್ಟು ಒಂದನ್ನು ಕೊಂಡು ತಂದ!

ಇಂಥವರ ಪರವಾಗಿ ಮಾತಾಡಲು ಯಾರೂ ಇರಲಿಲ್ಲವೇ ಅಂತ ಹುಡುಕುತ್ತಾ ಹೋದೆ. ಸಿಕ್ಕ ಇತಿಹಾಸ ಇದು.

ನಮ್ಮ ದೇಶದಲ್ಲಿ ಮೊದಲ ಪೇಟೆಂಟ್ ಕಾಯ್ದೆ ಬಂದದ್ದು 1856ರಲ್ಲಿ. ಮೊದಲ ಅರ್ಜಿ ಕೊಟ್ಟವನು ಕಲ್ಕತ್ತದ ಜಾರ್ಜ್ ಡಿಪೆನ್ನಿಂಗ್ ಎಂಬ ಎಂಜಿನಿಯರ್. ಯಾವುದಕ್ಕೆ ಗೊತ್ತೇ? ಸಾಹೇಬರಿಗೆ ಗಾಳಿ ಬೀಸುವ ಪಂಖಾ ಎಳೆಯುವ ಯಂತ್ರಕ್ಕೆ. ನಮ್ಮವರಲ್ಲಿ ಪೇಟೆಂಟ್ ಪಡೆದವರೆಂದರೆ ತಟ್ಟನೆ ನೆನಪಾಗುವವರು ಸರ್ ಎಂ. ವಿಶ್ವೇಶ್ವರಯ್ಯ. ಅವರ ಸ್ವಯಂಚಾಲಿತ ಗೇಟುಗಳನ್ನು 1903ರಲ್ಲಿ ಪುಣೆ ಹತ್ತಿರದ ಖಡಕವಾಸ್ಲಾ ಜಲಾಶಯಕ್ಕೆ ಅಳವಡಿಸಿದ್ದರು. ಅವರಿಗೆ ಇಂಗ್ಲಿಷ್ ಗೊತ್ತಿತ್ತು, ನಕ್ಷೆ ಬರೆಯಲು ಬರುತ್ತಿತ್ತು, ಕಚೇರಿಯ ದಾರಿಯೂ ಗೊತ್ತಿತ್ತು. ಹೊಲದಲ್ಲಿ ನಿಂತವನಿಗೆ ಈ ಮೂರೂ ಇರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೂ ಇಲ್ಲಿನ ಪೇಟೆಂಟುಗಳಲ್ಲಿ ಶೇಕಡಾ 90ಕ್ಕೂ ಹೆಚ್ಚು ವಿದೇಶೀಯರ ಕೈಯಲ್ಲೇ ಇದ್ದವು. ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರ್ ಅವರು 1959ರಲ್ಲಿ ಕೊಟ್ಟ ವರದಿಯ ಬೆನ್ನಿಗೆ 1970ರ ಕಾಯ್ದೆ ಬಂತು.

ರೈತನ ಕೈಹಿಡಿಯುವ ಗುಂಪು ಹುಟ್ಟಿದ್ದು ಅದಾದ ಎಷ್ಟೋ ವರ್ಷಕ್ಕೆ. ಅಹಮದಾಬಾದಿನ ಐಐಎಂನಲ್ಲಿದ್ದ ಪ್ರೊ. ಅನಿಲ್ ಗುಪ್ತಾ 1980ರ ದಶಕದ ಕೊನೆಯಲ್ಲಿ 'ಹನಿ ಬೀ ನೆಟ್‌ವರ್ಕ್' ಶುರುಮಾಡಿದರು. ಜೇನುಹುಳ ಹೂವಿನಿಂದ ಮಕರಂದ ತಗೊಳ್ಳುತ್ತೆ, ಆದರೆ ಹೂವು ಬಡವಾಗುವುದಿಲ್ಲ. ಜನರ ಜ್ಞಾನವನ್ನೂ ಹಾಗೇ ತಗೋಬೇಕು, ಅವರ ಹೆಸರು ಹೇಳಬೇಕು, ಅವರದೇ ಭಾಷೆಯಲ್ಲಿ ಹಿಂದಿರುಗಿಸಬೇಕು. ಇದು ಅವರ ತತ್ವ. 1993ರಲ್ಲಿ 'ಸೃಷ್ಟಿ' ಸಂಸ್ಥೆ, 2000ದಲ್ಲಿ ಕೇಂದ್ರ ಸರ್ಕಾರದ ನೆರವಿನಿಂದ 'ನ್ಯಾಷನಲ್ ಇನ್ನೋವೇಷನ್ ಫೌಂಡೇಶನ್' ಬಂದವು. ಓದು ಕಡಿಮೆಯಿರುವ ಸಂಶೋಧಕರ ಪರವಾಗಿ ಪೇಟೆಂಟ್ ಅರ್ಜಿ ಬರೆಯುವ ಕೆಲಸ ಇವರದು.

ಕನ್ನಡದಲ್ಲೂ ಇದರ ಪತ್ರಿಕೆ ಬಂತು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಪ್ರೊ. ಟಿ.ಎನ್. ಪ್ರಕಾಶ್ ಅದನ್ನು ಹೊರತಂದರು. ಹೆಸರು ನೋಡಿ, 'ಹಿತ್ತಲಗಿಡ'! ಮದ್ದಲ್ಲ ಅಂತ ಗಾದೆ ಹೇಳುವುದಕ್ಕೆ ಇದಕ್ಕಿಂತ ಚೆಂದದ ಉತ್ತರ ಬೇಕೆ?

ತಮಾಷೆಯೆಂದರೆ ಅದೇ ದಿನಗಳಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತಸಂಘ ಪೇಟೆಂಟಿನ ವಿರುದ್ಧವೇ ಬೀದಿಗಿಳಿದಿತ್ತು. 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಕಚೇರಿಗೆ ನುಗ್ಗಿದ್ದು, 1993ರ ಅಕ್ಟೋಬರ್ 2ರ ಬೀಜ ಸತ್ಯಾಗ್ರಹ... ಹಿರಿಯರಿಗೆ ನೆನಪಿರಬಹುದು. ಒಬ್ಬರು ಪೇಟೆಂಟ್ ಬೇಡ ಅಂದರು, ಇನ್ನೊಬ್ಬರು ಕೊಡಿಸುತ್ತೇವೆ ಅಂದರು. ನನಗೆ ಮಾತ್ರ ಇಬ್ಬರೂ ಕೇಳಿದ್ದು ಒಂದನ್ನೇ ಅನ್ನಿಸುತ್ತದೆ. ರೈತನ ತಿಳಿವಳಿಕೆ ಅವನ ಹೆಸರಿಲ್ಲದೆ ಬೇರೆಯವರ ಪಾಲಾಗಬಾರದು. 2001ರ ತಳಿ ಸಂರಕ್ಷಣೆ ಕಾಯ್ದೆಯಲ್ಲಿ ಈ ಎರಡೂ ದನಿ ಕೇಳಿಸುತ್ತವೆ. ರೈತ ಬೀಜ ಉಳಿಸಿಕೊಳ್ಳಬಹುದು, ಹಂಚಬಹುದು, ತನ್ನ ತಳಿಯನ್ನು ತನ್ನ ಹೆಸರಿನಲ್ಲೇ ನೋಂದಾಯಿಸಲೂಬಹುದು.

ನಮ್ಮ ಕಡೆಯ ಉದಾಹರಣೆ ಬೇಕಾದರೆ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಇದ್ದಾರೆ. ಹುಣಸೆ ಬೀಜ ಬೇರ್ಪಡಿಸುವ ಯಂತ್ರ, ಬೀಜ-ಗೊಬ್ಬರ ಒಟ್ಟಿಗೆ ಬಿತ್ತುವ ಕೂರಿಗೆ, ಹೀಗೆ ಒಂದೇ ಎರಡೇ! ಹುಣಸೆಯ ಹುಚ್ಚ ಅಂತ ಕರೆಸಿಕೊಂಡವರು. ಫೌಂಡೇಶನ್ 2015ರಲ್ಲಿ ಜೀವಮಾನ ಸಾಧನೆಗೆ ಅವರನ್ನು ಗೌರವಿಸಿತು, 2022ರಲ್ಲಿ ಪದ್ಮಶ್ರೀ ಬಂತು.

ಆದರೆ ಎಲ್ಲರೂ ನಡಕಟ್ಟಿನ ಆಗಲಾರರು. ಇವತ್ತಿಗೂ ಪೇಟೆಂಟ್ ಅರ್ಜಿ ಇಂಗ್ಲಿಷಿನಲ್ಲಿರಬೇಕು, ಇಲ್ಲವೇ ಹಿಂದಿಯಲ್ಲಿ. ಕನ್ನಡದಲ್ಲಿ ಬರೆದರೆ ನಡೆಯುವುದಿಲ್ಲ. ಕರ್ನಾಟಕದ ಅರ್ಜಿಗಳು ಹೋಗುವುದು ಚೆನ್ನೈ ಕಚೇರಿಗೆ. ಹೂಲಿಯಲ್ಲಿ ಯೋಚಿಸಿದ್ದನ್ನು ಹೂಲಿಯ ಮಾತಿನಲ್ಲೇ ಬರೆದುಕೊಟ್ಟರೆ ಅದು ಅರ್ಜಿಯೇ ಅಲ್ಲ! ಹೀಗಾಗಿಯೇ ಇಂಥ ಗುಂಪುಗಳು ಬೇಕಾಗುತ್ತವೆ, ಮತ್ತು ಅವು ತಲುಪದ ಕಡೆ ಕಾಕಾನಂಥವರು ಉಳಿಯುತ್ತಾರೆ.

ಬ್ಲಾಗಿನ ಗೆಳೆಯರಲ್ಲಿ ಒಂದು ಮಾತು. ನಿಮ್ಮೂರಲ್ಲೂ ಇಂಥವರು ಇದ್ದೇ ಇರುತ್ತಾರೆ. ಅವರ ಹೆಸರು ಹಾಕಿ ಕನ್ನಡದಲ್ಲಿ ಬರೆಯಿರಿ, ಆದರೆ ಮೊದಲು ಅವರನ್ನು ಕೇಳಿ. ಅರ್ಜಿ ಹಾಕುವ ಮೊದಲೇ ಯಂತ್ರದ ಒಳಗುಟ್ಟು ಪ್ರಕಟವಾದರೆ ಹೊಸದೆಂಬ ಹಕ್ಕೇ ತಪ್ಪಿಹೋಗಬಹುದು. ಪ್ರೀತಿಯಿಂದ ಬರೆದ ಲೇಖನವೇ ಮುಳುವಾಗಬಾರದಲ್ಲ?

ಬರುವಾಗ ಕಾಕಾನನ್ನು ಕೇಳಿದೆ, ನಿನಗೆ ಬ್ಯಾಸರ ಆಗಲಿಲ್ಲೇನು ಅಂತ.

"ಮಂದಿಗೆ ಉಪಯೋಗ ಆತಲ್ಲ, ಚಲೋನ ಆತು" ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ: "ಒಂದ್ ಮಾತು ಹೇಳಿ ಒಯ್ದಿದ್ರ ಬೇಷಿತ್ತು."