ಕಂಪ್ಯೂಟರ್ ಜಾಲಗಳ ರಕ್ಷಣೆ ಮತ್ತು ರಾಜ್ಯನೀತಿ: ಸಂಶೋಧಕರು, ಹ್ಯಾಕರುಗಳು, ಸರ್ಕಾರ

ರಾಜ್ಯವು ತನ್ನ ರಕ್ಷಣೆಯ ವಿಚಾರದಲ್ಲಿ ತನ್ನ ಸೇವೆಯಲ್ಲಿಲ್ಲದವರ ಮಾತನ್ನು ಕೇಳುವುದು ಚರಿತ್ರೆಯಲ್ಲಿ ವಿರಳ. ಕೋಟೆಯ ಗೋಡೆಯಲ್ಲಿ ಕಿಂಡಿಯಿದೆಯೆಂದು ಹೊರಗಿನವನೊಬ್ಬನು ಬಂದು ತಿಳಿಸಿದರೆ, 'ಕಿಂಡಿ ಎಲ್ಲಿದೆ?' ಎಂಬ ಪ್ರಶ್ನೆಗಿಂತ ಮೊದಲು 'ಇವನು ಅಲ್ಲಿಗೇಕೆ ಹೋಗಿದ್ದನು?' ಎಂಬ ಪ್ರಶ್ನೆ ದೊರೆಯ ಮನಸ್ಸಿನಲ್ಲಿ ಏಳುವುದು ಸಹಜ. ಕಂಪ್ಯೂಟರ್ ಜಾಲಗಳ ವಿಷಯದಲ್ಲಿಯೂ ಸರ್ಕಾರಗಳು ಬಹುಕಾಲ ಈ ಎರಡನೆಯ ಪ್ರಶ್ನೆಯನ್ನೇ ಕೇಳುತ್ತಿದ್ದುವು. ಮೊದಲನೆಯ ಪ್ರಶ್ನೆಗೆ ಅವು ಬಂದ ಬಗೆಯನ್ನು, ಮುಖ್ಯವಾಗಿ ಅಮೆರಿಕ ಸಂಯುಕ್ತ ಸಂಸ್ಥಾನದ ನಿದರ್ಶನದಿಂದ, ಪರಿಶೀಲಿಸುವುದು ಈ ಲೇಖನದ ಉದ್ದೇಶ. ಒಂದೊಂದು ಅನಾಹುತವೂ, ಒಂದೊಂದು ದುಡುಕಿನ ಶಾಸನವೂ ಈ ಸಹಕಾರವನ್ನು ಅನಿವಾರ್ಯಗೊಳಿಸಿದುವೆಂಬುದು ನಮ್ಮ ಅಭಿಪ್ರಾಯ.

ಈ ಇತಿಹಾಸದ ಆರಂಭವನ್ನು 1988ರ ನವೆಂಬರ್ 2ರಿಂದ ಗಣಿಸಬಹುದು. ಕಾರ್ನೆಲ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಎಂಬಾತನು ಬರೆದ, ತನ್ನನ್ನು ತಾನೇ ಪ್ರತಿಮಾಡಿಕೊಂಡು ಹರಡುವ ಕಾರ್ಯಕ್ರಮವೊಂದು ಅಂದು ಜಾಲವನ್ನು ಹೊಕ್ಕಿತು. ಆಗ ಜಾಲಕ್ಕೆ ಸೇರಿದ್ದ ಸುಮಾರು 60,000 ಯಂತ್ರಗಳಲ್ಲಿ 6,000ದಷ್ಟು ಇದಕ್ಕೆ ತುತ್ತಾದುವೆಂದು ಅಂದಾಜು. ಅದು ಬಳಸಿಕೊಂಡ ದೋಷಗಳಲ್ಲಿ ಕೆಲವು ಬಲ್ಲವರಿಗೆ ಅಪರಿಚಿತವಾಗಿರಲಿಲ್ಲ. ಆದರೆ ಬಲ್ಲವರಿಂದ ಯಂತ್ರಗಳ ಒಡೆಯರಿಗೆ ಆ ತಿಳಿವು ಹರಿಯುವ ಮಾರ್ಗವಿರಲಿಲ್ಲ. ಸರ್ಕಾರವು ಇದಕ್ಕೆ ಎರಡು ಬಗೆಯಲ್ಲಿ ಉತ್ತರವಿತ್ತಿತು. 1986ರ ಕಂಪ್ಯೂಟರ್ ವಂಚನೆ ಶಾಸನದ ಮೇರೆಗೆ ಮಾರಿಸನಿಗೆ 1990ರಲ್ಲಿ ಶಿಕ್ಷೆಯಾಯಿತು: ಮೂರು ವರ್ಷಗಳ ಪರಿವೀಕ್ಷಣೆ, 400 ಗಂಟೆಗಳ ಸಮಾಜಸೇವೆ, ಹತ್ತು ಸಾವಿರ ಡಾಲರಿಗೆ ಮಿಕ್ಕ ದಂಡ. ಇನ್ನೊಂದು ಕಡೆ, ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆಯಾದ ಡಾರ್ಪಾದ ಧನಸಹಾಯದಿಂದ ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ಅದೇ ತಿಂಗಳು 'ಸರ್ಟ್' ಎಂಬ ಸಮನ್ವಯ ಕೇಂದ್ರವು ಸ್ಥಾಪಿತವಾಯಿತು. ರಾಜ್ಯವು ಹಣ ಕೊಡುವುದು, ವಿದ್ವಾಂಸರು ನಡೆಸುವುದು, ಯಾರು ಬೇಕಾದರೂ ದೋಷವನ್ನು ವರದಿಮಾಡುವುದು: ಈ ಏರ್ಪಾಡೇ ಮುಂದೆ ಅನೇಕ ದೇಶಗಳಿಗೆ ಮಾದರಿಯಾಯಿತು.

ಆದರೆ ಸರ್ಟ್ ಸಂಸ್ಥೆಯು ವರದಿಗಳನ್ನು ತಯಾರಕರಿಗೆ ತಿಳಿಸಿ, ಪರಿಹಾರ ಸಿದ್ಧವಾಗುವವರೆಗೆ ಮೌನವಾಗಿರುತ್ತಿದ್ದಿತು. ಈ ಮೌನವು ತಯಾರಕರ ಆಲಸ್ಯಕ್ಕೆ ಆಸರೆಯಾಯಿತೆಂದು ಹಲವರು ಆಕ್ಷೇಪಿಸಿದರು. ದೋಷವನ್ನು ಎಲ್ಲರೆದುರಿಗೆ ಸಾರಿದ ಹೊರತು ಅದು ತಿದ್ದಿಕೊಳ್ಳಲ್ಪಡದೆಂಬ ಪಂಥವು ಈ ಅಸಮಾಧಾನದಲ್ಲಿ ಬೆಳೆಯಿತು. ಹಾಗೆ ಸಾರಿದರೆ ಕಳ್ಳನಿಗೂ ದಾರಿ ತೋರಿದಂತಾಗುವುದಿಲ್ಲವೇ ಎಂಬ ಎದುರುವಾದವೂ ಅಷ್ಟೇ ಬಲವಾದುದು. ಗುಟ್ಟು ಮತ್ತು ಪ್ರಕಟನೆಗಳ ನಡುವಣ ಈ ಕಲಹವೇ ಮುಂದಿನ ನೀತಿಗಳೆಲ್ಲಕ್ಕೂ ಮೂಲ.

1998ರ ಮೇ 19ರಂದು ಬಾಸ್ಟನ್ ಪ್ರದೇಶದ 'ಲಾಫ್ಟ್' ಎಂಬ ಹ್ಯಾಕರ್ ಬಳಗದ ಏಳು ಮಂದಿ ಸೆನೆಟ್ಟಿನ ಆಡಳಿತ ವ್ಯವಹಾರಗಳ ಸಮಿತಿಯ ಮುಂದೆ ಸಾಕ್ಷ್ಯ ನುಡಿದರು. ಅಧ್ಯಕ್ಷರು ಫ್ರೆಡ್ ಥಾಮ್ಸನ್. ಸಾಕ್ಷಿಗಳು ನಿಜನಾಮಗಳನ್ನು ಬಿಟ್ಟು ಮಜ್, ವೆಲ್ಡ್ ಪಾಂಡ್, ಸ್ಪೇಸ್ ರೋಗ್ ಮುಂತಾದ ಅಂಕಿತನಾಮಗಳಿಂದಲೇ ಕುಳಿತಿದ್ದರು. ಇಂಟರ್ನೆಟ್ಟನ್ನು ಮೂವತ್ತು ನಿಮಿಷಗಳಲ್ಲಿ ನಿರುಪಯುಕ್ತಗೊಳಿಸಬಲ್ಲೆವೆಂದು ಅವರು ಹೇಳಿದ ಮಾತು ಪ್ರಸಿದ್ಧವಾಗಿದೆ. ಚರಿತ್ರಕಾರನಿಗೆ ಆ ಮಾತಿಗಿಂತಲೂ ಆ ಆಸನವು ಮುಖ್ಯ. ಶಾಸನಸಭೆಯು ಹೆಸರು ಮರೆಸಿಕೊಂಡವರನ್ನು ತಜ್ಞರೆಂದು ಅಂಗೀಕರಿಸಿತು. ಮಜ್, ಅಂದರೆ ಪೈಟರ್ ಜಾಟ್ಕೊ, 2010ರಲ್ಲಿ ಡಾರ್ಪಾದ ಅಧಿಕಾರಿಯಾಗಿ, ಸಣ್ಣ ಬಳಗಗಳಿಗೂ ಬಿಡಿ ಸಂಶೋಧಕರಿಗೂ ಶೀಘ್ರವಾಗಿ ಧನಸಹಾಯ ದೊರೆಯುವ ಯೋಜನೆಯನ್ನು ನಡೆಸಿದರು.

ಆದರೂ ದಾರಿ ನೇರವಾಗಿರಲಿಲ್ಲ. ಅದೇ 1998ರ ಕೃತಿಸ್ವಾಮ್ಯ ಶಾಸನವು ಡಿಜಿಟಲ್ ಬೀಗಗಳನ್ನು ಬಿಡಿಸುವುದನ್ನು ನಿಷೇಧಿಸಿತು. 2001ರ ಜುಲೈಯಲ್ಲಿ ರಷ್ಯದ ದ್ಮಿತ್ರಿ ಸ್ಕ್ಲ್ಯಾರೊವ್ ಎಂಬ ಕಾರ್ಯಕ್ರಮಕಾರನು, ಲಾಸ್ ವೆಗಾಸ್ ಸಮ್ಮೇಳನದಲ್ಲಿ ಉಪನ್ಯಾಸವಿತ್ತ ಬಳಿಕ, ಇದರ ಮೇರೆಗೆ ಬಂಧಿತನಾದನು. ಸದುದ್ದೇಶದ ಪರೀಕ್ಷೆಗೆ ಈ ಶಾಸನದಿಂದ ವ್ಯಾಪಕವಾದ ವಿನಾಯಿತಿ ದೊರೆತದ್ದು 2015ರಲ್ಲಿ. ಅಂತರರಾಷ್ಟ್ರೀಯ ರಂಗದಲ್ಲಿಯೂ ಹೀಗೆಯೇ ಆಯಿತು. ಶಸ್ತ್ರಾಸ್ತ್ರ ರಫ್ತನ್ನು ನಿಯಂತ್ರಿಸುವ ವಾಸೆನಾರ್ ಒಪ್ಪಂದವು 2013ರಲ್ಲಿ 'ನುಸುಳು ಸಾಫ್ಟ್‌ವೇರ'ನ್ನು ತನ್ನ ಪಟ್ಟಿಗೆ ಸೇರಿಸಿತು. ದಬ್ಬಾಳಿಕೆಯ ಸರ್ಕಾರಗಳಿಗೆ ಗೂಢಚರ್ಯೆಯ ಸಾಧನಗಳು ದೊರೆಯದಿರಲೆಂಬುದು ಅದರ ಉದ್ದೇಶ. ಆದರೆ ಒಂದು ದೇಶದ ಸಂಶೋಧಕನು ಇನ್ನೊಂದು ದೇಶದ ತಯಾರಕನಿಗೆ ದೋಷವನ್ನು ತಿಳಿಸುವುದಕ್ಕೂ ರಫ್ತಿನ ಪರವಾನಗಿ ಬೇಕಾದೀತೆಂದು ಸಂಶೋಧಕರು ತೋರಿಸಿಕೊಟ್ಟರು. ವಾದವಿವಾದಗಳ ತರುವಾಯ 2017ರ ಡಿಸೆಂಬರಿನಲ್ಲಿ ದೋಷಪ್ರಕಟನೆಗೆ ಪ್ರತ್ಯೇಕ ವಿನಾಯಿತಿ ಸೇರಿತು. ಅದೇ ತಿಂಗಳು ಭಾರತವೂ ಈ ಒಪ್ಪಂದದ ಸದಸ್ಯನಾಯಿತು.

2016ರ ಏಪ್ರಿಲ್-ಮೇ ತಿಂಗಳುಗಳಲ್ಲಿ ಅಮೆರಿಕದ ರಕ್ಷಣಾ ಇಲಾಖೆಯು ತನ್ನ ಕೆಲವು ಜಾಲತಾಣಗಳನ್ನು ಭೇದಿಸುವಂತೆ ತಾನೇ ಆಹ್ವಾನವಿತ್ತಿತು. 1,400ಕ್ಕೂ ಹೆಚ್ಚು ಮಂದಿ ಹೆಸರು ಕೊಟ್ಟರು; 138 ದೋಷಗಳು ನಿಜವೆಂದು ಅಂಗೀಕೃತವಾದುವು; ತಗುಲಿದ ವೆಚ್ಚ ಸುಮಾರು ಒಂದೂವರೆ ಲಕ್ಷ ಡಾಲರು. 2020ರಲ್ಲಿ ಕೇಂದ್ರ ಸರ್ಕಾರದ ನಾಗರಿಕ ಇಲಾಖೆಗಳೆಲ್ಲವೂ ದೋಷವರದಿಯನ್ನು ಸ್ವೀಕರಿಸುವ ನೀತಿಯನ್ನು ಪ್ರಕಟಿಸಬೇಕೆಂದು ಆಜ್ಞೆಯಾಯಿತು. ಸದುದ್ದೇಶದ ಸಂಶೋಧಕರ ಮೇಲೆ 1986ರ ಶಾಸನದನ್ವಯ ಮೊಕದ್ದಮೆ ಹೂಡಬಾರದೆಂದು ನ್ಯಾಯಾಂಗ ಇಲಾಖೆಯು 2022ರಲ್ಲಿ ಸಾರಿತು.

ಇಷ್ಟಾದರೂ ರಾಜ್ಯದ ನಿಲುವಿನಲ್ಲಿ ಒಂದು ದ್ವಂದ್ವ ಉಳಿದಿದೆ. ಕಿಂಡಿಯನ್ನು ಮುಚ್ಚಿಸುವ ಸರ್ಕಾರವೇ ಪರರ ಕೋಟೆಯನ್ನು ಹೊಗಲು ಅದನ್ನು ಗುಟ್ಟಾಗಿಯೂ ಇಟ್ಟುಕೊಳ್ಳುತ್ತದೆ. 2017ರ ಮೇ ತಿಂಗಳಿನಲ್ಲಿ ಬ್ರಿಟನ್ನಿನ ಆಸ್ಪತ್ರೆಗಳನ್ನು ಕಂಗೆಡಿಸಿದ 'ವಾನಾಕ್ರೈ' ದಾಳಿಯು, ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯಿಂದ ಸೋರಿದುದೆಂದು ವ್ಯಾಪಕವಾಗಿ ನಂಬಲಾಗಿರುವ ಸಾಧನವನ್ನೇ ಬಳಸಿತ್ತು. ಅದನ್ನು ತಡೆದವನು ಸರ್ಕಾರಕ್ಕೆ ಸೇರದ ಬ್ರಿಟಿಷ್ ತರುಣನೊಬ್ಬನು. ಅವನೇ ಕೆಲವು ತಿಂಗಳುಗಳಲ್ಲಿ ಹಳೆಯದೊಂದು ಅಪರಾಧಕ್ಕಾಗಿ ಬಂಧಿತನಾದನು. ರಕ್ಷಕ, ಭಂಜಕ ಎಂಬ ವಿಂಗಡಣೆ ವ್ಯಕ್ತಿಗಳಲ್ಲಿಯೂ ಸರ್ಕಾರದಲ್ಲಿಯೂ ಎಷ್ಟು ಅಸ್ಪಷ್ಟವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ನಮ್ಮ ದೇಶದಲ್ಲಿ 2000ದ ಮಾಹಿತಿ ತಂತ್ರಜ್ಞಾನ ಶಾಸನದ 43ನೆಯ ವಿಧಿಯು ಒಡೆಯನ ಅನುಮತಿಯಿಲ್ಲದ ಪ್ರವೇಶವನ್ನು ಪರಿಹಾರಕ್ಕೆ ಗುರಿಮಾಡುತ್ತದೆ. ಅದೇ ಕೃತ್ಯವು ಅಪ್ರಾಮಾಣಿಕವೋ ವಂಚನೆಯದೋ ಆದರೆ 66ನೆಯ ವಿಧಿಯಂತೆ ಅಪರಾಧ. 2004ರಲ್ಲಿ ಸ್ಥಾಪಿತವಾದ ಭಾರತೀಯ ಸರ್ಟ್ ಸಂಸ್ಥೆಯು ದೋಷಗಳ ವರದಿಯನ್ನು ಸ್ವೀಕರಿಸುತ್ತದೆ. ಆದರೆ ಸದುದ್ದೇಶದ ಸಂಶೋಧಕನಿಗೆ ಶಾಸನದಲ್ಲಿ ಸ್ಪಷ್ಟವಾದ ಅಭಯವಿಲ್ಲ. 2010ರಲ್ಲಿ ಮತಯಂತ್ರವನ್ನು ಪರೀಕ್ಷಿಸಿ ಫಲಿತಾಂಶವನ್ನು ಪ್ರಕಟಿಸಿದವರಲ್ಲಿ ಒಬ್ಬರಾದ ಹೈದರಾಬಾದಿನ ತಂತ್ರಜ್ಞರು, ಆ ಯಂತ್ರವನ್ನು ಪಡೆದ ಬಗೆಯ ವಿಚಾರದಲ್ಲಿ ಬಂಧಿತರಾದರು. 'ಅಲ್ಲಿಗೇಕೆ ಹೋಗಿದ್ದೆ?' ಎಂಬ ಹಳೆಯ ಪ್ರಶ್ನೆಯೇ ಇಲ್ಲಿ ಕೇಳಿಬರುತ್ತದೆ.

ಮೇಲಿನ ವೃತ್ತಾಂತದಿಂದ ತಿಳಿಯುವುದಿಷ್ಟು. ಸಂಶೋಧಕನ ಸದುದ್ದೇಶವನ್ನು ಅಧಿಕಾರಿಯ ಔದಾರ್ಯಕ್ಕೆ ಬಿಟ್ಟಿದ್ದಾಗ ಸಹಕಾರವು ನಿಂತೂ ನಿಂತೂ ಸಾಗಿತು; ಅದನ್ನು ಲಿಖಿತ ನಿಯಮವನ್ನಾಗಿ ಮಾಡಿದಾಗ ವೇಗವಾಗಿ ಬೆಳೆಯಿತು. ಪರೀಕ್ಷೆಯ ಅಂಕಗಳಿಂದ ಆಸ್ಪತ್ರೆಯ ದಾಖಲೆಯವರೆಗೆ ಎಲ್ಲವೂ ಗಣಕದ ವಶವಾಗಿರುವ ಈ ಕಾಲದಲ್ಲಿ, ತನ್ನ ಕಾಲೇಜಿನ ವ್ಯವಸ್ಥೆಯಲ್ಲಿ ಲೋಪವನ್ನು ಕಂಡ ವಿದ್ಯಾರ್ಥಿಯು ಅದನ್ನು ಯಾರಿಗೆ, ಯಾವ ರಕ್ಷಣೆಯೊಡನೆ ತಿಳಿಸಬೇಕೆಂಬುದನ್ನು ಮೊದಲೇ ಬರೆದಿಡುವುದು ವಿದ್ಯಾಸಂಸ್ಥೆಗಳ ಕರ್ತವ್ಯವೂ ಆಗಿದೆ.