ನ್ಯಾಯಾಧೀಶ ಬರ್ನೆಲ್ ಅವರ ಗ್ರಂಥಸಂಗ್ರಹ

ಇಂಗ್ಲೆಂಡಿನ ನ್ಯಾಯವಾದಿ ಜಾನ್ ಸೆಲ್ಡನ್ (1584–1654) ಕೂಡಿಸಿದ್ದ ಗ್ರಂಥಗಳಲ್ಲಿ ಸುಮಾರು 8,000 ಸಂಪುಟಗಳು 1659ರಲ್ಲಿ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯವನ್ನು ಸೇರಿದುವು. ನ್ಯಾಯಶಾಸ್ತ್ರವನ್ನು ಮೂಲಲಿಖಿತಗಳಿಂದಲೇ ಅರಿಯಬೇಕೆಂಬ ಆತನ ನಿಲುವನ್ನೇ ತಳೆದ ಇನ್ನೊಬ್ಬ ಆಂಗ್ಲ ನ್ಯಾಯವಿದರನ್ನು, ಎರಡು ಶತಮಾನಗಳ ಅನಂತರ, ನಾವು ಕನ್ನಡ ಕರಾವಳಿಯಲ್ಲಿ ಕಾಣುತ್ತೇವೆ. ಅವರೇ ಆರ್ಥರ್ ಕೋಕ್ ಬರ್ನೆಲ್.

1840ರಲ್ಲಿ ಜನಿಸಿದ ಬರ್ನೆಲ್ ಅವರು 1860ರಲ್ಲಿ ಮದರಾಸು ಸಿವಿಲ್ ಸರ್ವಿಸನ್ನು ಸೇರಿ, ಮುಂದೆ ಮಂಗಳೂರು, ತಂಜಾವೂರುಗಳಲ್ಲಿ ನ್ಯಾಯಾಧೀಶರಾಗಿದ್ದರು. ಸಂಸ್ಕೃತವಲ್ಲದೆ ದಕ್ಷಿಣದ ದೇಶಭಾಷೆಗಳೂ ಅವರಿಗೆ ತಿಳಿದಿದ್ದುವು. ಹೋದೆಡೆಯಲ್ಲೆಲ್ಲ ಹಸ್ತಪ್ರತಿಗಳನ್ನು ಸಂಪಾದಿಸುವುದು, ಕೈಗೆ ಬಾರದವನ್ನು ಪ್ರತಿಮಾಡಿಸುವುದು ಅವರ ರೂಢಿ.

ಇದು ಕೇವಲ ಹವ್ಯಾಸವಾಗಿರಲಿಲ್ಲ. 1864ರಲ್ಲಿ ನ್ಯಾಯಾಲಯಗಳ ಪಂಡಿತರ ಹುದ್ದೆಗಳು ರದ್ದಾದುವು. ಅಲ್ಲಿಂದ ಮುಂದೆ ದಾಯಭಾಗದ ವ್ಯಾಜ್ಯಗಳಲ್ಲಿ ಧರ್ಮಶಾಸ್ತ್ರದ ವಚನ ಯಾವುದು, ಅದರ ಅರ್ಥವೇನೆಂಬುದನ್ನು ನ್ಯಾಯಾಧೀಶನೇ ನಿರ್ಣಯಿಸಬೇಕಾಯಿತು. ಒಂದು ಪಾಠದ ತಪ್ಪಿನಿಂದ ಒಂದು ಮನೆತನದ ಆಸ್ತಿ ಕೈತಪ್ಪಬಹುದಾಗಿತ್ತು. ಬರ್ನೆಲ್ ಅವರು 1868ರಲ್ಲಿ ಮಾಧವನ ದಾಯವಿಭಾಗವನ್ನೂ 1872ರಲ್ಲಿ ವರದರಾಜನ ವ್ಯವಹಾರನಿರ್ಣಯದ ಭಾಗವನ್ನೂ ಆಂಗ್ಲಕ್ಕೆ ತಂದುದರ ಹಿನ್ನೆಲೆ ಇದೇ. ಆದರೆ ಈ ನಿಬಂಧಗಳು ರಾಜಶಾಸನದಂತೆ ಜನರೆಲ್ಲರ ಮೇಲೆ ವಿಧಿಸಲು ಹುಟ್ಟಿದುವಲ್ಲವೆಂದು ಎಚ್ಚರಿಸಿದವರೂ ಅವರೇ. ಅನುವಾದಕನೇ ತನ್ನ ಗ್ರಂಥದ ಅಧಿಕಾರಕ್ಕೆ ಮಿತಿ ಹಾಕುವುದು ಅಪರೂಪ.

ತುಳುನಾಡಿನ ಅಳಿಯಸಂತಾನ ಪದ್ಧತಿಗೆ ಆಧಾರವೆಂದು ಭೂತಾಳಪಾಂಡ್ಯನ ಹೆಸರಿನಲ್ಲಿ ಪ್ರಚಾರದಲ್ಲಿದ್ದ ಗ್ರಂಥವನ್ನು ಅವರು ಕೃತಕವೆಂದು ಭಾವಿಸಿದರು. ಗ್ರಂಥ ಕೃತಕವಾದ ಮಾತ್ರಕ್ಕೆ ಪದ್ಧತಿಯೂ ಕೃತಕವೆಂದು ಹೇಳಲಾಗದು. ತಲೆಮಾರುಗಳಿಂದ ನಡೆದು ಬಂದ ಆಚಾರಕ್ಕೆ ಓಲೆಯ ಸಾಕ್ಷ್ಯವೇ ಬೇಕೆಂದು ನ್ಯಾಯಾಲಯಗಳು ಬಯಸಿದುದರಿಂದಲೇ ಅಂತಹ ಗ್ರಂಥಗಳಿಗೆ ಬೆಲೆ ಬಂದಿತೆಂದು ನಮಗೆ ತೋರುತ್ತದೆ.

1870ರಲ್ಲಿ ಬರ್ನೆಲ್ ಅವರು ತಮ್ಮ 350 ಸಂಸ್ಕೃತ ಹಸ್ತಪ್ರತಿಗಳನ್ನು ಲಂಡನ್ನಿನ ಇಂಡಿಯಾ ಆಫೀಸ್ ಗ್ರಂಥಾಲಯಕ್ಕೆ ದಾನವಿತ್ತರು. ಆ ಗ್ರಂಥಾಲಯವು 1982ರಲ್ಲಿ ಬ್ರಿಟಿಷ್ ಲೈಬ್ರರಿಯ ಆಡಳಿತಕ್ಕೆ ಸೇರಿತು. ಹುಳುವಿಗೂ ತೇವಕ್ಕೂ ಸಿಲುಕದೆ ಅವು ಉಳಿದುವು, ನಿಜ. ಆದರೆ ಅವು ಹುಟ್ಟಿದ ಊರಿನ ವಿದ್ಯಾರ್ಥಿಗೆ ಸಮುದ್ರದಾಚೆಯ ವಸ್ತುವಾದುವು. ಇದಕ್ಕಿಂತ ತಂಜಾವೂರಿನ ಅರಮನೆಯಲ್ಲಿ ಅವರು ಮಾಡಿದ ಕಾರ್ಯವನ್ನೇ ನಾವು ಮಿಗಿಲೆಂದು ಎಣಿಸುತ್ತೇವೆ. ಅಲ್ಲಿಯ ಸಂಸ್ಕೃತ ಹಸ್ತಪ್ರತಿಗಳ ವರ್ಗೀಕೃತ ಸೂಚಿ 1880ರಲ್ಲಿ ಹೊರಬಂದಿತು. ಸಂಗ್ರಹವಾದರೋ ಸರಸ್ವತೀ ಮಹಲಿನಲ್ಲಿಯೇ ನಿಂತಿತು.

ನಮ್ಮ ಜಿಲ್ಲೆಯ ಅಭ್ಯಾಸಿಗಳಿಗೆ ಹೆಚ್ಚು ಉಪಯುಕ್ತವಾದುದು 1874ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ದಕ್ಷಿಣಭಾರತ ಲಿಪಿಶಾಸ್ತ್ರದ ಗ್ರಂಥ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಶಾಸನಗಳನ್ನು ರೈಸ್ ಅವರು 1905ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ 10ನೆಯ ಸಂಪುಟದಲ್ಲಿ ಪ್ರಕಟಿಸಿದರು. ಗಂಗರ ಕನ್ನಡ ಶಾಸನಗಳೂ ಚೋಳರ ತಮಿಳು ಶಾಸನಗಳೂ ಒಂದೇ ನೆಲದಲ್ಲಿ ದೊರೆಯುವ ಈ ಗಡಿನಾಡಿನಲ್ಲಿ, ಕನ್ನಡ ತೆಲುಗು ಲಿಪಿಯನ್ನೂ ಗ್ರಂಥ ತಮಿಳು ಲಿಪಿಗಳನ್ನೂ ಒಟ್ಟಿಗೆ ಪರಿಶೀಲಿಸಿದ ಆ ಗ್ರಂಥದ ಪ್ರಯೋಜನ ಸ್ಪಷ್ಟ. ಅದರ ಕೆಲವು ನಿರ್ಣಯಗಳು ಹಿಂದೆ ಬಿದ್ದಿವೆ. ಫಲಕಗಳು ಇಂದಿಗೂ ನೋಡತಕ್ಕವು.

ದೇಹಸ್ಥಿತಿ ಕೆಟ್ಟು ಸ್ವದೇಶಕ್ಕೆ ಮರಳಿದ ಬರ್ನೆಲ್ ಅವರು 1882ರ ಅಕ್ಟೋಬರ್ 12ರಂದು, 42ನೆಯ ವಯಸ್ಸಿನಲ್ಲಿ ನಿಧನ ಹೊಂದಿದರು. ಅವರು ಕೈಗೊಂಡಿದ್ದ ಮನುಸ್ಮೃತಿಯ ಅನುವಾದವನ್ನು ಹಾಪ್ಕಿನ್ಸ್ ಅವರು ಪೂರ್ಣಗೊಳಿಸಿ 1884ರಲ್ಲಿ ಪ್ರಕಟಿಸಿದರು.