ಪಶ್ಚಿಮ ತಾಲ್ಲೂಕುಗಳಿಗೆ ಬಂದ ಪರದೇಶದ ನೆರವು: ಕೂಡ್ಲಿಗಿ ಸೀಮೆಯ ಒಣಭೂಮಿ ಮತ್ತು ಅಂತಾರಾಷ್ಟ್ರೀಯ ಸಂಸ್ಥೆಗಳು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ: ಬಳ್ಳಾರಿಯ ಜನ 'ಪಶ್ಚಿಮ ತಾಲ್ಲೂಕುಗಳು' ಎಂದು ಕರೆಯುತ್ತ ಬಂದ ಈ ನೆಲ 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದೆ. 1953ರಲ್ಲಿ ತುಂಗಭದ್ರಾ ಜಲಾಶಯದಿಂದ ಕಾಲುವೆಗೆ ನೀರು ಹರಿದಾಗ ಹೊಸಪೇಟೆ, ಬಳ್ಳಾರಿ, ಸಿರುಗುಪ್ಪದ ತಗ್ಗಿನ ಹೊಲಗಳು ಹಸಿರಾದವು. ಕೂಡ್ಲಿಗಿ, ಕೊಟ್ಟೂರಿನ ಎತ್ತರದ ಕೆಂಪುನೆಲಕ್ಕೆ ಆ ನೀರು ಏರಲಿಲ್ಲ. ಅಲ್ಲಿನ ಶೇಂಗಾ, ಜೋಳ, ಸಜ್ಜೆ ಮಳೆಯನ್ನೇ ನಂಬಿದವು. ಕೆರೆ ಕೋಡಿ ಬಿದ್ದ ವರ್ಷ ಸುಗ್ಗಿ, ಬೀಳದ ವರ್ಷ ಗುಳೆ. ಅಂತಾರಾಷ್ಟ್ರೀಯ ಸಂಸ್ಥೆಗಳು ಈ ಸೀಮೆಗೆ ಬಂದದ್ದು ಈ ಒಣಭೂಮಿಯ ಕಾರಣಕ್ಕೆ. ಅವನ್ನು ಕರ್ನಾಟಕ ಸರ್ಕಾರ ಹೇಗೆ ಬರಮಾಡಿಕೊಂಡಿತು, ಅವು ಹೋದ ಮೇಲೆ ಇಲ್ಲಿ ಏನು ಉಳಿಯಿತು ಎಂಬುದು ಈ ಲೇಖನದ ವಿಷಯ.

ರಾಜ್ಯವೊಂದು ಹೊರದೇಶದಿಂದ ನೇರವಾಗಿ ಸಾಲ ತರುವಂತಿಲ್ಲ. ಸಂವಿಧಾನದ 293ನೇ ವಿಧಿ ರಾಜ್ಯಗಳ ಸಾಲವನ್ನು ದೇಶದ ಗಡಿಯೊಳಗೇ ಇರಿಸಿದೆ. ವಿಶ್ವಬ್ಯಾಂಕಿನದಾಗಲಿ, ವಿದೇಶಿ ಸರ್ಕಾರದ್ದಾಗಲಿ, ಹಣ ಬರಬೇಕಾದದ್ದು ದೆಹಲಿಯ ಹಣಕಾಸು ಸಚಿವಾಲಯದ ಮೂಲಕ. 2005ಕ್ಕೆ ಮುಂಚೆ ಕೇಂದ್ರವು ಆ ಹಣವನ್ನು ಸಾಮಾನ್ಯ ರಾಜ್ಯಗಳಿಗೆ ಶೇ 70 ಸಾಲ, ಶೇ 30 ಅನುದಾನವಾಗಿ ದಾಟಿಸುತ್ತಿತ್ತು. ಹನ್ನೆರಡನೇ ಹಣಕಾಸು ಆಯೋಗದ ಶಿಫಾರಸಿನ ನಂತರವೇ ದಾನಿ ಕೊಟ್ಟ ಷರತ್ತಿನಲ್ಲೇ ಹಣ ರಾಜ್ಯಕ್ಕೆ ತಲುಪತೊಡಗಿತು. ಹೀಗಿರುವಾಗ ರಾಜ್ಯದ ಕೈಯಲ್ಲಿದ್ದ ನಿಜವಾದ ಬಲ ಬೇರೆ: ಬಂದ ಸಂಸ್ಥೆ ನಂಬಿ ಕೆಲಸ ಮಾಡಬಲ್ಲಂಥ ಆಡಳಿತ ವ್ಯವಸ್ಥೆಯನ್ನು ಕಟ್ಟಿಕೊಡುವುದು. ಕರ್ನಾಟಕ ಇದಕ್ಕೆ ಆರಿಸಿಕೊಂಡ ದಾರಿ ನೋಂದಾಯಿತ ಸೊಸೈಟಿ. ಅಧಿಕಾರಿಗಳೇ ಅದರ ಆಡಳಿತ ಮಂಡಳಿಯಲ್ಲಿದ್ದರೂ ಇಲಾಖೆಯ ಕಡತಗಳ ನಿಧಾನದಿಂದ ಅದು ಹೊರಗೆ. ಸ್ವಯಂಸೇವಾ ಸಂಸ್ಥೆಗಳೊಡನೆ ಒಪ್ಪಂದ ಮಾಡಿಕೊಳ್ಳಲು, ತಜ್ಞರನ್ನು ಕರೆಸಲು ಅದಕ್ಕೆ ಹೆಚ್ಚು ಸ್ವಾತಂತ್ರ್ಯ. 2002ರಲ್ಲಿ ಕೆರೆಗಳ ಪುನಶ್ಚೇತನಕ್ಕೆ ವಿಶ್ವಬ್ಯಾಂಕಿನ ನೆರವು ಬಂದಾಗ ಜಲ ಸಂವರ್ಧನೆ ಯೋಜನಾ ಸಂಘವೂ ಇದೇ ಮಾದರಿಯಲ್ಲಿ ದುಡಿಯಿತು.

ಆ ಮಾದರಿ ಪಶ್ಚಿಮ ತಾಲ್ಲೂಕುಗಳಿಗೆ ಅದಕ್ಕೂ ಮೊದಲೇ ತಲುಪಿತ್ತು. ಬ್ರಿಟನ್ನಿನ ಅಂತಾರಾಷ್ಟ್ರೀಯ ಅಭಿವೃದ್ಧಿ ಇಲಾಖೆ, ಅಂದರೆ ಡಿಎಫ್ಐಡಿ, 1997ರಲ್ಲಿ ಹುಟ್ಟಿತು. ಅದರ ನೆರವಿನಿಂದ 1990ರ ದಶಕದ ಕೊನೆಯಲ್ಲಿ ಕರ್ನಾಟಕ ಜಲಾನಯನ ಅಭಿವೃದ್ಧಿ ಸೊಸೈಟಿ ಕೆಲಸ ಆರಂಭಿಸಿತು. 'ಕವಾಡ್' ಎಂಬುದು ಅದರ ಬಳಕೆಯ ಹೆಸರು. ಆರಿಸಿಕೊಂಡ ಜಲಾನಯನಗಳು ಮೂರು: ಬಳ್ಳಾರಿ–ಚಿತ್ರದುರ್ಗ ಜಿಲ್ಲೆಗಳ ನಡುವಿನ ಚಿನ್ನಹಗರಿ, ಬಳ್ಳಾರಿ ಜಿಲ್ಲೆಯ ಉಪ್ಪಾರಹಳ್ಳ, ವಿಜಾಪುರ ಜಿಲ್ಲೆಯ ದೊಡ್ಡಹಳ್ಳ. ಬದು, ಚೆಕ್ ಡ್ಯಾಂ, ಗಿಡ ನೆಡುವುದು, ಸ್ವಸಹಾಯ ಗುಂಪುಗಳು, ರೈತರ ವಂತಿಗೆ, ಇವೆಲ್ಲ ಆ ಕಾಲದ ಜಲಾನಯನ ಕಾರ್ಯಕ್ರಮಗಳಲ್ಲಿ ಸಾಮಾನ್ಯವಾಗಿದ್ದವು. ಕವಾಡ್ ಅನ್ನು ಬೇರೆಯಾಗಿ ನಿಲ್ಲಿಸುವುದು ಅದು ಮಾಡಿಸಿದ ನೀರಿನ ಲೆಕ್ಕಪರಿಶೋಧನೆ.

ಆ ಲೆಕ್ಕಪರಿಶೋಧನೆಯ ವರದಿಯನ್ನು ಚಾರ್ಲ್ಸ್ ಬ್ಯಾಚಲರ್, ಎಂ.ಎಸ್. ರಾಮಮೋಹನರಾವ್, ಎ.ಜೆ. ಜೇಮ್ಸ್ ಸಿದ್ಧಪಡಿಸಿದರು. ರಾಮಮೋಹನರಾವ್ ಅವರು ಬಳ್ಳಾರಿಯ ಮಣ್ಣು ಮತ್ತು ನೀರು ಸಂರಕ್ಷಣಾ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದವರು. ಆ ಕೇಂದ್ರ 1954ರಿಂದಲೂ ಇಲ್ಲಿನ ಮಣ್ಣನ್ನು, ಮಳೆಯನ್ನು ಅಭ್ಯಾಸ ಮಾಡುತ್ತ ಬಂದಿದೆ. ಹೊರಗಿನ ಹಣದ ಜೊತೆ ಊರಿನ ವಿಜ್ಞಾನ ಕೂಡಿದ್ದರಿಂದಲೇ ವರದಿಗೆ ಆ ಧೈರ್ಯ ಬಂತು ಎಂದು ನಾನು ನಂಬುತ್ತೇನೆ. ಯಾಕೆಂದರೆ ಅದು ಹೇಳಿದ್ದು ಹಣ ಕೊಟ್ಟವರಿಗೂ, ಯೋಜನೆ ನಡೆಸುತ್ತಿದ್ದವರಿಗೂ ಹಿತವಾದ ಮಾತಲ್ಲ. ಈ ಸೀಮೆಯಲ್ಲಿ ವ್ಯರ್ಥವಾಗಿ ಹರಿದುಹೋಗುವ ನೀರು ನಾವೆಣಿಸಿದಷ್ಟಿಲ್ಲ. ಮೇಲಿನ ಹಳ್ಳದಲ್ಲಿ ಸಾಲುಸಾಲಾಗಿ ಚೆಕ್ ಡ್ಯಾಂ ಕಟ್ಟಿದರೆ ಕೆಳಗಿನ ಕೆರೆಗೆ ಬರುವ ನೀರು ಕುಗ್ಗುತ್ತದೆ. ಕೊಳವೆಬಾವಿಗಳು ಹೆಚ್ಚಿದಂತೆ ತೆರೆದ ಬಾವಿಗಳು ಬತ್ತುತ್ತವೆ. ಆಳದ ಬೋರ್ ಹಾಕಿಸುವ ಶಕ್ತಿಯಿಲ್ಲದ ಸಣ್ಣ ರೈತ ಮೊದಲು ಸೋಲುತ್ತಾನೆ. ನೀರು ಹಿಡಿಯುವ ಕಾಮಗಾರಿ ಎಲ್ಲಿ ಮಾಡಿದರೂ ಒಳ್ಳೆಯದೇ ಎಂಬ ನಂಬಿಕೆಯನ್ನು ಅದು ಪ್ರಶ್ನಿಸಿತು. ಒಬ್ಬರ ಹೊಲದಲ್ಲಿ ಇಂಗಿದ ನೀರು ಇನ್ನೊಬ್ಬರ ಕೆರೆಗೆ ಹೋಗಬೇಕಾಗಿದ್ದ ನೀರೂ ಆಗಿರಬಹುದು. ಆದ್ದರಿಂದ ಹೊಸ ರಚನೆಗಳಿಗಿಂತ ಇರುವ ನೀರಿನ ಬೇಡಿಕೆಯನ್ನು ನಿಭಾಯಿಸುವುದು ಮುಖ್ಯ, ಪ್ರತಿ ಹಳ್ಳಿಯ ನೀರಿನ ಸ್ಥಿತಿ ನೋಡಿಯೇ ಕಾಮಗಾರಿ ಗೊತ್ತುಮಾಡಬೇಕು ಎಂಬುದು ಅದರ ಸಲಹೆ. ಬದು ಒಡೆದು ಹೋಗಬಹುದು, ಚೆಕ್ ಡ್ಯಾಮಿನಲ್ಲಿ ಹೂಳು ತುಂಬಬಹುದು. ಆ ಕೆಲವು ವರ್ಷಗಳ ಬ್ರಿಟಿಷ್ ನೆರವು ಈ ತಾಲ್ಲೂಕುಗಳಿಗೆ ಕೊಟ್ಟ ಅತಿ ಬೆಲೆಯುಳ್ಳ ಆಸ್ತಿ ಈ ಅರಿವು.

ಸೊಸೈಟಿ ಮಾದರಿಯ ಕೊರತೆ ಕಾಣುವುದೂ ಇಲ್ಲೇ. ಯೋಜನೆಗಾಗಿ ಹುಟ್ಟಿದ ಸಂಸ್ಥೆಗೆ ಯೋಜನೆಯಷ್ಟೇ ಆಯುಷ್ಯ. 2003ರಲ್ಲಿ ಭಾರತ ಸರ್ಕಾರ ಸಣ್ಣ ದಾನಿ ದೇಶಗಳ ನೆರವು ಇನ್ನು ಬೇಡವೆಂದು ತೀರ್ಮಾನಿಸಿತು. ಬ್ರಿಟನ್ ಆಗ ಉಳಿದುಕೊಂಡರೂ 2012ರಲ್ಲಿ ತಾನೇ ಹಿಂದೆ ಸರಿಯುವುದಾಗಿ ಘೋಷಿಸಿತು. 2020ರಲ್ಲಿ ಡಿಎಫ್ಐಡಿ ಎಂಬ ಇಲಾಖೆಯೇ ವಿದೇಶಾಂಗ ಕಚೇರಿಯಲ್ಲಿ ಲೀನವಾಯಿತು. ಹೀಗೆ ಕೊಟ್ಟವರೂ ಪಡೆದವರೂ ಸರಿದುಹೋಗುವ ಏರ್ಪಾಟಿನಲ್ಲಿ ವರದಿಗೆ ವಾರಸುದಾರರನ್ನು ಮೊದಲೇ ಗೊತ್ತುಮಾಡಬೇಕಿತ್ತು. ಇದೇ ಜಿಲ್ಲೆಯ ಹಂಪಿಯಲ್ಲಿ ರಾಜ್ಯ ಬೇರೆ ದಾರಿ ಹಿಡಿಯಿತು. ಯುನೆಸ್ಕೋ 1999ರಲ್ಲಿ ಹಂಪಿಯನ್ನು ಅಪಾಯದಲ್ಲಿರುವ ಪಾರಂಪರಿಕ ತಾಣಗಳ ಪಟ್ಟಿಗೆ ಸೇರಿಸಿದಾಗ ಸರ್ಕಾರ ಪ್ರತ್ಯೇಕ ಕಾನೂನನ್ನೇ ತಂದು ನಿರ್ವಹಣಾ ಪ್ರಾಧಿಕಾರ ರಚಿಸಿತು; 2006ರಲ್ಲಿ ಹಂಪಿ ಆ ಪಟ್ಟಿಯಿಂದ ಹೊರಬಂತು. ಪ್ರಾಧಿಕಾರ ಇಂದಿಗೂ ಇದೆ. ಕಲ್ಲಿನ ಪರಂಪರೆಗೆ ದೊರೆತ ಕಾಯಂ ರಕ್ಷಣೆ ಕೂಡ್ಲಿಗಿಯ ಅಂತರ್ಜಲಕ್ಕೆ ದೊರೆಯಲಿಲ್ಲ.

2009ರಲ್ಲಿ ಆರಂಭವಾದ ಭೂಚೇತನ ಎಂಬ ಕೃಷಿ ಕಾರ್ಯಕ್ರಮದಲ್ಲಿ ಹಣ ಹರಿಯುವ ದಿಕ್ಕೇ ಬದಲಾಯಿತು. 1972ರಲ್ಲಿ ಹೈದರಾಬಾದ್ ಬಳಿಯ ಪಟಾಂಚೆರುವಿನಲ್ಲಿ ಸ್ಥಾಪನೆಯಾದ ಅಂತಾರಾಷ್ಟ್ರೀಯ ಸಂಸ್ಥೆ ಇಕ್ರಿಸ್ಯಾಟ್‌ಗೆ ರಾಜ್ಯ ಸರ್ಕಾರವೇ ತನ್ನ ಆಯವ್ಯಯದಿಂದ ಹಣ ಕೊಟ್ಟು ತಾಂತ್ರಿಕ ನೆರವು ಪಡೆಯಿತು. ಸುಹಾಸ್ ವಾಣಿ ಅವರ ತಂಡ ಮಣ್ಣು ಪರೀಕ್ಷಿಸಿ, ಮಳೆಯಾಶ್ರಿತ ಹೊಲಗಳಲ್ಲಿ ಗಂಧಕ, ಸತು, ಬೋರಾನ್ ಕೊರತೆ ವ್ಯಾಪಕವೆಂದು ತೋರಿಸಿತು. ಆರು ಜಿಲ್ಲೆಗಳಲ್ಲಿ ಶುರುವಾದ ಕಾರ್ಯಕ್ರಮ ಕೆಲವೇ ವರ್ಷಗಳಲ್ಲಿ ರಾಜ್ಯದ ಆಗಿನ ಎಲ್ಲ 30 ಜಿಲ್ಲೆಗಳಿಗೆ ಹಬ್ಬಿತು. ರೈತ ಸಂಪರ್ಕ ಕೇಂದ್ರದಲ್ಲಿ ಅರ್ಧ ಬೆಲೆಗೆ ಜಿಪ್ಸಂ, ಸತುವಿನ ಸಲ್ಫೇಟ್, ಬೊರಾಕ್ಸ್ ಸಿಗುತ್ತಿದ್ದವು. ಊರಿನವನೇ ಆದ ರೈತ ಅನುವುಗಾರ ಹೊಲಕ್ಕೆ ಬಂದು ತಿಳಿಹೇಳುವ ಏರ್ಪಾಡಿತ್ತು. ಶೇಂಗಾ ಬೆಳೆಯುವ ಸೀಮೆಗೆ ಜಿಪ್ಸಮ್ಮಿನ ಬೆಲೆ ವಿವರಿಸಿ ಹೇಳಬೇಕಿಲ್ಲ. ಅರಿವು ಈ ಸಲ ಕೃಷಿ ಇಲಾಖೆಯ ಹೋಬಳಿ ಮಟ್ಟದ ಕಚೇರಿಯ ಮೂಲಕವೇ ಸಾಗಿತು. ಕವಾಡ್‌ಗಿಂತ ಇದು ಆಳಕ್ಕಿಳಿಯಲು ಅದೇ ಕಾರಣ.

ಗಡಿಗೆರೆಗಳೂ ನೆರವನ್ನು ಹಂಚುತ್ತವೆ. 2012ರಲ್ಲಿ ವಿಶ್ವಬ್ಯಾಂಕಿನ ನೆರವಿನ ಸುಜಲಾ-3 ಜಲಾನಯನ ಯೋಜನೆಗೆ ಮೊದಲು ಆಯ್ಕೆಯಾದ ಏಳು ಜಿಲ್ಲೆಗಳಲ್ಲಿ ದಾವಣಗೆರೆ ಇತ್ತು, ಬಳ್ಳಾರಿ ಇರಲಿಲ್ಲ. 1997ರಿಂದ ಹರಪನಹಳ್ಳಿ ದಾವಣಗೆರೆಯಲ್ಲಿತ್ತು. ಒಂದೇ ಮಣ್ಣು, ಒಂದೇ ಮಳೆಯಾದರೂ ಬಳ್ಳಾರಿಯಲ್ಲಿದ್ದ ಕೊಟ್ಟೂರು ಸೀಮೆ ಪಟ್ಟಿಯ ಹೊರಗುಳಿಯಿತು.

2022ರ ಫೆಬ್ರವರಿಯಲ್ಲಿ ಸಹಿಯಾದ ವಿಶ್ವಬ್ಯಾಂಕಿನ ರಿವಾರ್ಡ್ ಜಲಾನಯನ ಕಾರ್ಯಕ್ರಮದಲ್ಲಿ ಕರ್ನಾಟಕದ ಪಾಲು 6 ಕೋಟಿ ಡಾಲರ್. ಇಲ್ಲಿ ಹಣ ಬಿಡುಗಡೆಯಾಗುವುದು ಖರ್ಚಿನ ರಸೀದಿಗಲ್ಲ, ಸಾಧಿಸಿದ ಫಲಿತಾಂಶಕ್ಕೆ. ಜಲಾನಯನದ ಜ್ಞಾನಕ್ಕೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಉತ್ಕೃಷ್ಟತಾ ಕೇಂದ್ರವೂ ಇದೆ. ಅರಿವಿಗೆ ಕಾಯಂ ನೆಲೆ ಬೇಕೆಂಬುದನ್ನು ರಾಜ್ಯ ಒಪ್ಪಿಕೊಂಡ ಹಾಗಾಯಿತು. ಆ ಕೇಂದ್ರದ ಮುಂದೆ ಈಗಲೇ ಇರಬೇಕಾದ ಒಂದು ಕೆಲಸವಿದೆ: ಚಿನ್ನಹಗರಿಯ ನೀರಿನ ಲೆಕ್ಕವನ್ನು ಬಳ್ಳಾರಿಯ ಸಂಶೋಧನಾ ಕೇಂದ್ರದ ಜೊತೆಗೂಡಿ ಮತ್ತೊಮ್ಮೆ ಮಾಡಿ, ಕವಾಡ್ ವರದಿಯ ಅಂಕಿಗಳ ಪಕ್ಕದಲ್ಲಿಟ್ಟು, ಕನ್ನಡದಲ್ಲಿ ಕೂಡ್ಲಿಗಿಯ ಗ್ರಾಮ ಪಂಚಾಯಿತಿಗಳಿಗೆ ತಲುಪಿಸುವುದು. ಮುಂದಿನ ಚೆಕ್ ಡ್ಯಾಂ ಎಲ್ಲಿ ಬೇಕು, ಎಲ್ಲಿ ಬೇಡ ಎಂದು ಅವೇ ಗೊತ್ತುಮಾಡಲಿ.